ಬರ್ಲಿ, ಬರ್ಲಿ

ನಾನು ಗೆರೆ ಹಾಕುವವನು.
ಭತ್ತ ಕೊಯ್ದ ಗದ್ದೆಯ ಕೂಳೆಯ ಮೇಲೆ
ತೂತು ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ
ಬೆನ್ನು ಬಗ್ಗಿಸಿ ಹಿಂದಹಿಂದಕ್ಕೆ ನಡೆಯುವವನು.
ಹದಡಿ, ಕುಕ್ಕವಾಡ, ಕಂದಗಲ್ಲು, ಬಾಡ,
ಎಲ್ಲಿ ಟ್ರ್ಯಾಕ್ಟರ್ ರಿವರ್ಸ್ ಪಂದ್ಯವೋ ಅಲ್ಲಿ ನನ್ನ ಡಬ್ಬಿ.
ದಿನಕ್ಕೆ ಐನೂರು, ಮಧ್ಯಾಹ್ನದ ಊಟ,
ಕೈಗೊಂದು ಕೆಂಪು ಬಾವುಟ.

ಓಬಳೇಶನನ್ನು ಮೊದಲು ಕಂಡದ್ದು ಇಂಥ ಗದ್ದೆಯಲ್ಲೇ.
ಇಪ್ಪತ್ತು ತುಂಬಿರಲಿಲ್ಲ. ಗಾಡಿ ಯಾರದೋ,
ಡೀಸೆಲ್ಲು ಇನ್ಯಾರದೋ, ತನ್ನದೆಂಬುದು ಹವಾಯಿ ಚಪ್ಪಲಿ,
ಅದನ್ನೂ ಬಿಚ್ಚಿ ಬದುವಿನ ಮೇಲಿಟ್ಟು
ಬರಿಗಾಲಲ್ಲಿ ಕ್ಲಚ್ಚು ತುಳಿದ.
"ಎಲ್ಲಿ ಕಚ್ತೈತಿ ಅಂತ ಅಂಗಾಲಿಗೆ ಗೊತ್ತಾಗ್ತೈತಣ್ಣ."

ನಿಮಗೆ ಗೊತ್ತಿರಲಿಕ್ಕಿಲ್ಲ:
ಹಿಂದೆ ಬರುವಾಗ ಟ್ರೈಲರ್ ಬಲಕ್ಕೆ ಹೋಗಬೇಕೆಂದರೆ
ಸ್ಟೇರಿಂಗು ಎಡಕ್ಕೆ.
ನಡುವೆ ಒಂದು ಪಿನ್ನು, ಹೆಬ್ಬೆರಳ ದಪ್ಪ,
ಹೇಳಿದ್ದನ್ನೆಲ್ಲ ಉಲ್ಟಾ ಕೇಳಿಸಿಕೊಳ್ಳುತ್ತದೆ.
ಎರಡು ಟ್ರೈಲರ್ ಕಟ್ಟಿದರಂತೂ
ಉಲ್ಟಾದ ಉಲ್ಟಾ.
ಓದಿದ ಹುಡುಗರು ನೆಲದ ಮೇಲೆ ಕಡ್ಡಿಯಲ್ಲಿ ಲೆಕ್ಕ ಹಾಕುತ್ತಿದ್ದರು.
ಓಬಳೇಶ ಬೀಡಿ ಹಚ್ಚುತ್ತಿದ್ದ.

ಕತ್ತು ಹಿಂದಕ್ಕೆ ಹೊರಳಿತೆಂದರೆ ಮುಗಿಯಿತು.
ಸೀಟಿ, ಜನ, ಮೈಕಿನವನ ಕಿರುಚು
ಯಾವುದೂ ಅವನದಲ್ಲ.
ಟ್ರೈಲರಿನ ಹಲಗೆ, ಅದರಾಚೆ ನನ್ನ ಎರಡು ಗೆರೆ,
ಗೆರೆ ಮುಗಿಯುವಲ್ಲಿ ನಾನು.
ಹದಿನೇಳು ವರ್ಷ
ನನ್ನನ್ನೇ ನೋಡುತ್ತ ಬಂದ,
ಹಿಂದುಹಿಂದಾಗಿ.

ಗೆದ್ದದ್ದು ಮೂರು ಕೂಲರ್, ಒಂದು ಬೆಳ್ಳಿ ಕಡಗ,
ಬೀರು, ಬೈಕು,
ಮತ್ತೊಂದು ಟಗರು. ಕಡಿಯಲಿಲ್ಲ, ಮಾರಲಿಲ್ಲ,
ಅದು ದಾದಾಪೀರನ ಗ್ಯಾರೇಜಿನಲ್ಲಿ ಗ್ರೀಸು ನೆಕ್ಕಿ ಸತ್ತಿತು.
ಫ್ಲೆಕ್ಸಿನಲ್ಲಿ ಅವನ ಮುಖ, ಕರಿ ಕನ್ನಡಕ,
ಕೆಳಗೆ "ರಿವರ್ಸ್ ಕಿಂಗ್".
ಮಳೆ ಹಿಡಿದಾಗ ಅದೇ ಫ್ಲೆಕ್ಸು
ದಾದಾಪೀರನ ತೂತು ತಗಡಿಗೆ,
ಮುಖ ಕೆಳಗಾಗಿ.

ಹಾಲಮ್ಮ ಹೇಳುತ್ತಿದ್ದಳು:
"ಮಲಗಿದ್ರೂ ಕಾಲು ಕ್ಲಚ್ಚು ಹುಡುಕ್ತೈತಿ.
ಕೂಗಿದ್ರೆ ಕತ್ತು ತಿರುಗಲ್ಲ, ಇಡೀ ಗಂಡಸೇ ತಿರುಗ್ತಾನೆ."
ದಾವಣಗೆರೆಯ ಎಲುಬಿನ ಡಾಕ್ಟರು
ಫಿಲ್ಮು ಎತ್ತಿ ಹಿಡಿದು ಕೇಳಿದರಂತೆ, ಏನಪ್ಪ ಕೆಲಸ?
"ಹಿಂದೆ ನೋಡೋದು ಸಾರ್."

ಕೊನೆಯದು ಕೊಡಗನೂರಿನಲ್ಲಿ.
ಇನ್ನೇನು ಎರಡು ಮಾರು ಇತ್ತು,
ಹಿಂದಿನ ಟ್ರೈಲರಿನ ಎಡಗಾಲಿ
ನನ್ನ ಗೆರೆಯನ್ನು ಒಂದು ಬೆರಳಗಲ
ತಿಂದಿತು.
ಕಂಡೆ.
ಬಾವುಟ ಕಂಕುಳಲ್ಲಿತ್ತು.
ಅಲ್ಲೇ ಇತ್ತು.
ಹಿರೇಕೋಗಲೂರಿನ ಹುಡುಗ ನಾಲ್ಕು ಸೆಕೆಂಡಿಗೆ ಸೋತು
ಮಿಕ್ಸರು ಹೆಗಲ ಮೇಲಿಟ್ಟುಕೊಂಡು
ಬೈಕಿನ ಹಿಂದೆ ಕೂತು ಹೋದ.

ರಾತ್ರಿ ಚಾನಲ್ಲಿಗೆ ಡಬ್ಬಿ ತೊಳೆಯಲು ಹೋದರೆ
ಓಬಳೇಶ ಗಾಲಿ ತೊಳೆಯುತ್ತಿದ್ದ,
ಮೊಬೈಲಿನ ಬೆಳಕು ಹಲ್ಲಲ್ಲಿ ಕಚ್ಚಿಕೊಂಡು.
ಟೈರಿನ ಸಂದಿಯಲ್ಲಿ ಬಿಳಿ.
ಬೆಳಕು ತೆಗೆದು ನನ್ನ ಮುಖಕ್ಕೆ ಹಿಡಿದ:
"ಇದೊಂದೇ ಸಲಾನಾ?"

ಇದೊಂದೇ, ಅಂದೆ.
ನಿಜ ಅದು. ಹದಿನೇಳು ವರ್ಷಕ್ಕೆ ಇದೊಂದೇ.
ದೇವರ ಆಣೆ ಅಂದೆ, ಮಕ್ಕಳ ಆಣೆ ಅಂದೆ.
ಆಣೆ ಹೆಚ್ಚಾದಷ್ಟೂ
ಅವನು ಒಂದೊಂದೇ ಊರು ನೆನೆಯುತ್ತಿದ್ದುದು ಕಾಣುತ್ತಿತ್ತು:
ಬಾಡದ ಕೂಲರ್, ಹದಡಿಯ ಕಡಗ, ಆ ಟಗರು.

ಮತ್ತೆ ಪಂದ್ಯಕ್ಕೆ ಬರಲಿಲ್ಲ.
ಈಗ ದಾವಣಗೆರೆಯಲ್ಲಿ ಇಸ್ಕೂಲು ಬಸ್ಸು, ಹಳದಿಯದು.

ಮೊನ್ನೆ ಮಂಡಕ್ಕಿ ಭಟ್ಟಿಯ ಸಂದಿಯಲ್ಲಿ
ಬಸ್ಸು ಹಿಂದೆ ತೆಗೆಯುತ್ತಿದ್ದ. ಎರಡೂ ಕಡೆ ಚರಂಡಿ.
ಅಲ್ಲೇ ಇದ್ದೆನಲ್ಲ, ಅಭ್ಯಾಸಬಲ,
ಹಿಂದೆ ನಿಂತು ಬಡಿದೆ:
ಬರ್ಲಿ, ಬರ್ಲಿ, ಎಡಕ್ಕೊಂಚೂರು, ಬರ್ಲಿ,
ಇನ್ನೂ ಒಂದು ಗೇಣೈತಿ, ಬರ್ಲಿ.

ಬಸ್ಸು ನಿಂತಿತು.
ಕನ್ನಡಿಯಲ್ಲಿ ನನ್ನ ಕಂಡಿರಬೇಕು.
ಇಳಿದ, ಇಡೀ ಮೈ ತಿರುಗಿಸಿಕೊಂಡು ಬಂದ,
ಕಿಟಕಿಯಲ್ಲಿ ಮಕ್ಕಳು ನೋಡುತ್ತಿರಲು
ಚರಂಡಿಗೂ ಗಾಲಿಗೂ ನಡುವೆ ಕುಕ್ಕರಗಾಲಲ್ಲಿ ಕೂತು
ಕೈ ಇಟ್ಟು ಅಳೆದ.

ಒಂದು ಗೇಣಿತ್ತು.