ಕಾಲಂ ಹದಿನೇಳು

ಭದ್ರಾವತಿಯಲ್ಲಿ ಇಳಿದಾಗ ಹತ್ತೂವರೆ.
ಚೀಲದಲ್ಲಿ ನಲವತ್ತು ನಮೂನೆ, ಎರಡು ಪೆನ್ನು,
ಶಂಕರಘಟ್ಟದ ಮೇಷ್ಟ್ರು ಬರೆದುಕೊಟ್ಟ ಚೀಟಿ:
ಪ್ರತಿ ಐದನೇ ಮನೆ. ಬೀಗವಿದ್ದರೆ ಆರನೆಯದು.
ಉತ್ತರ ನೀವೇ ಅವರ ಬಾಯಿಗೆ ಹಾಕಬೇಡಿ.
ನಮೂನೆಯೊಂದಕ್ಕೆ ಮೂವತ್ತೈದು ರೂಪಾಯಿ.
ಸರ್ಕಾರಿ ಬಸ್ಸು ಸಿಕ್ಕರೆ ಪುಕ್ಕಟೆ,
ಸಿಗದಿದ್ದರೆ ನನ್ನ ಕೈಯಿಂದ.

ಐದನೇ ಮನೆ ಸಗಾಯಮೇರಿಯದು.
ಮನೆ ಅಂದರೆ ಯಾವುದು ಅನ್ನುವುದೇ ಮೊದಲ ಪೇಚು:
ಒಂದು ಮಾಡು, ಎರಡು ಒಲೆ.
ಅಣ್ಣತಮ್ಮ ಮಾತು ಬಿಟ್ಟು ಮೂರು ವರ್ಷ,
ನಡುವೆ ಗೋಡೆ ಇಲ್ಲ, ಹಳೇ ಸೀರೆ ಇದೆ.
ಕೈಪಿಡಿ ಹೇಳುತ್ತದೆ, ಒಲೆಗೊಂದು ಕುಟುಂಬ.
ಗಾಳಿಗೆ ಸೀರೆ ಎದ್ದಾಗ
ಆಚೆಯ ಮಗು ಈಚೆಯ ತಟ್ಟೆಗೆ ಕೈ ಹಾಕಿತು.
ಅದನ್ನು ಯಾವ ಒಲೆಗೆ ಬರೆಯಲಿ?

ಯಜಮಾನರ ಉದ್ಯೋಗ?
'ಕಾಗದದ ಫ್ಯಾಕ್ಟರಿ.'
ಅದು ಮುಚ್ಚಿತಲ್ಲ, ಈಗ?
'ಈಗಲೂ ಅದನ್ನೇ ಹೇಳ್ತಾರೆ.'

ಅಂದೋಣಿ ಮೂಲೆಯಿಂದ ಎದ್ದು ಬಂದ.
ಇಪ್ಪತ್ತೆರಡು ವರ್ಷ ಲಾರಿಯಿಂದ ಬಿದಿರು ಇಳಿಸಿದ ಹೆಗಲು,
ಒಂದು ಮೇಲೆ, ಒಂದು ಕೆಳಗೆ.
ಹಾಜರಿ ಇದ್ದದ್ದು ಕಂಟ್ರಾಕ್ಟರ್ ಜೇಬಿನ ಡೈರಿಯಲ್ಲಿ.
ಬಾಗಿಲು ಮುಚ್ಚಿದ ಮೇಲೆ
ನಂಬರ್ ಇದ್ದವರಿಗೆ ಕೊನೆಗೂ ದುಡ್ಡು ಬಂತು,
ಇವನಿಗೆ ಕಂಟ್ರಾಕ್ಟರ್ ಸತ್ತ ಸುದ್ದಿ ಬಂತು.

ನಮೂನೆಯನ್ನು ಇಸಕೊಂಡು ಓದಲಿಲ್ಲ ಅವನು.
ಹೆಬ್ಬೆರಳಿನಲ್ಲಿ ಉಜ್ಜಿದ,
ಬೆಳಕಿಗೆ ಹಿಡಿದ,
ಕಿವಿಯ ಹತ್ತಿರ ತಂದು ಸರಸರ ಅನ್ನಿಸಿದ.
'ಇದು ನಮ್ಮೂರಿನ ಕಾಗದ ಅಲ್ಲ.
ಬಿದಿರೇ ಇಲ್ಲ ಇದರಲ್ಲಿ. ನಾರು ನೋಡಿ'
ಅಂತ ಮೇಲಿನ ಮೂಲೆ ಹರಿದು ತೋರಿಸಿದ.
ನಾನು ನಾರು ನೋಡಿದೆ.
ಮನೆಯ ಕ್ರಮಸಂಖ್ಯೆ ಆ ಮೂಲೆಯಲ್ಲೇ ಇತ್ತು.

ಕಾಲಂ ಹದಿನೇಳು.
ನಿಮ್ಮ ಅಭಿಪ್ರಾಯದಲ್ಲಿ ಬಡತನಕ್ಕೆ ಕಾರಣ:
ಸೋಮಾರಿತನ, ಕುಡಿತ, ಅನಕ್ಷರತೆ, ಹಣೆಬರಹ, ಇತರೆ.

ಸಗಾಯಮೇರಿ ಪಾತ್ರೆ ಉಜ್ಜುವುದು ನಿಲ್ಲಿಸಿದಳು.
'ಯಾರ ಬಡತನಕ್ಕೆ ಮಗಾ?'
ನನ್ನ ಹತ್ತಿರ ಅದಕ್ಕೆ ಸಂಕೇತ ಇರಲಿಲ್ಲ.
'ನಾನು ಕೆಲಸ ಮಾಡೋ ನಾಲ್ಕು ಮನೆಯವರನ್ನೂ ಕೇಳ್ತೀಯಾ?
ಅವರು ಹ್ಯಾಗೆ ಸಾಹುಕಾರರಾದರು ಅಂತ
ಎಷ್ಟನೇ ಕಾಲಂನಲ್ಲಿದೆ?'

ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಏಣಿ ಬರೆದಿದ್ದರು.
ಮೇಲಿನವರು, ನಡುವಿನವರು, ಕೆಳಗಿನವರು,
ಪರೀಕ್ಷೆಗೆ ಖಂಡಿತ ಬರುತ್ತದೆ ಅಂದಿದ್ದರು.
ನಾನೂ ಅಂದವಾಗಿ ಬರೆದುಕೊಂಡಿದ್ದೆ, ಸ್ಕೇಲ್ ಇಟ್ಟು.
ಏಣಿ ಯಾರ ಗೋಡೆಗೆ ಒರಗಿದೆ,
ಕೆಳಗೆ ಅದನ್ನು ಹಿಡಿದುಕೊಂಡವರು ಯಾರು,
ಚಿತ್ರದಲ್ಲಿ ಇರಲಿಲ್ಲ.

'ಇದಕ್ಕೆ ನಿನಗೆಷ್ಟು ಕೊಡ್ತಾರೆ?'
ಹೇಳಿದೆ.
ಬೆರಳು ಮಡಚಿ ಎಣಿಸಿದಳು.
'ಒಂದೂವರೆ ತಾಸು ಕೂತಿದ್ದೀಯ. ನನಗಿಂತ ಕಡಿಮೆ ಬಿತ್ತು'
ಅಂತ ನಕ್ಕು, ಅರ್ಧ ಲೋಟ ಚಹಾ
ಸೀರೆಯ ಆಚೆಯಿಂದ ಕೇಳಿ ತಂದಳು.
ಮಾತು ಬಿಟ್ಟ ಮನೆಯ ಸಕ್ಕರೆ,
ಬಹಳ ಸಿಹಿಯಾಗಿತ್ತು.

ಸೋಮವಾರ ಮೇಷ್ಟ್ರು ನಮೂನೆ ತಿರುಗಿಸಿದರು, ಮುಗುಳ್ನಕ್ಕರು.
ಒಳ್ಳೆಯವರು. ಬೈಯಲಿಲ್ಲ.
'ಕ್ರಮಸಂಖ್ಯೆ ಇಲ್ಲದ್ದು ಲೆಕ್ಕಕ್ಕೆ ಬರಲ್ಲಮ್ಮ.'
ಮೂವತ್ತೊಂಬತ್ತಕ್ಕೆ ದುಡ್ಡು ಬಂತು.
ಶೇಕಡಾವಾರು ಸುಂದರವಾಗಿ ಬಂತು,
ಎರಡು ದಶಾಂಶದವರೆಗೆ.

ಹರಿದದ್ದನ್ನು ಮನೆಗೆ ತಂದೆ.
ಲಷ್ಕರ್ ಮೊಹಲ್ಲಾದ ನಮ್ಮ ಕೋಣೆಯಲ್ಲಿ
ಅಮ್ಮ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು,
ಡಜನ್ನಿಗೆ ಆರು ರೂಪಾಯಿಯಂತೆ.
ಕನ್ನಡಕ ಏರಿಸಿ ಹದಿನೇಳನ್ನು
ಮಗ್ಗಿಯ ಹಾಗೆ ಗಟ್ಟಿಯಾಗಿ ಓದಿದಳು:
ಸೋಮಾರಿತನ, ಕುಡಿತ, ಅನಕ್ಷರತೆ, ಹಣೆಬರಹ.
ಸೂಜಿ ಬಾಯಲ್ಲಿಟ್ಟುಕೊಂಡೇ ಕೇಳಿದಳು,
'ಇದರಲ್ಲಿ ನಮ್ಮದು ಯಾವುದೇ?'

ದೀಪ ಹಾಕಿದೆ.
'ನಮ್ಮ ಬೀದಿಗೂ ಬರ್ತಾರಾ?'
ಬರಬಹುದು ಅಂದೆ.
ಬಂದರೂ, ಈ ಕಡೆಯಿಂದ ಎಣಿಸಿದರೆ
ನಮ್ಮದು ನಾಲ್ಕನೇ ಮನೆ.