ಅರ್ತಿಂಗು

ಮಡಿಕೇರಿಯ ಅಂಗಡಿ ಹುಡುಗ ತೋರಿಸಿದ್ದು
ಗೋಡೆಗೆ ಹಾಕುವ ಬಿಳಿ ಪೆಟ್ಟಿಗೆ, ನೀಲಿ ದೀಪ.
ಮೊಬೈಲಿನ ಜೊತೆ ಮಾತಾಡುತ್ತದಂತೆ.
ನಲವತ್ತೆಂಟು ಸಾವಿರ ಅಂದ,
ಟ್ಯಾಕ್ಸು ಬೇರೆ ಅಂತ ಮೆಲ್ಲಗೆ ಸೇರಿಸಿದ.
ನನ್ನ ಕಾರೇ ಮೂರನೆಯ ಕೈಯಿಂದ ಬಂದದ್ದು.
ಮೂಗಿಗಿಂತ ಮೂಗುತಿ ಭಾರ.

ನಾಪೋಕ್ಲಿನ ಸಂಶು ವೈರಿಂಗ್ ಬಲ್ಲವನು.
ಬಂದವನು ಪೆಟ್ಟಿಗೆಯ ಸುದ್ದಿಯನ್ನೇ ಎತ್ತಲಿಲ್ಲ.
"ದಿನಕ್ಕೆ ಎಷ್ಟು ಓಡುತ್ತೀರಿ, ಜಲಜಕ್ಕ?"

ಬೆಳಿಗ್ಗೆ ಆರಕ್ಕೆ ಕಕ್ಕಬ್ಬೆ ಕಡೆಯ ಮೂರು ಮನೆ,
ಆಮೇಲೆ ಬೆಟ್ಟಗೇರಿ ಹತ್ತಿ ಮಡಿಕೇರಿ;
ಐಸ್ ಡಬ್ಬಿಯಲ್ಲಿ ಊರಿನವರ ರಕ್ತ,
ಹೆಸರು ಬರೆದ ಸಣ್ಣ ಕೊಳವೆಗಳು
ಒಂಬತ್ತಕ್ಕೆ ಲ್ಯಾಬಿನ ಮೇಜಿನ ಮೇಲಿರಬೇಕು.
ಹೋಗಿ ಬಂದು ಅರವತ್ತು ಕಿಲೋಮೀಟರು.
ಹತ್ತುವಾಗ ತಿಂದದ್ದನ್ನು ಇಳಿಯುವಾಗ ಕಾರು
ವಾಪಸು ಕೊಡುತ್ತದೆ,
ಹಳೇ ಸಾಲಗಾರನ ಹಾಗೆ, ಅದೂ ಕಾಲು ಭಾಗ.

ಸಂಶು ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಸಿಮೆಂಟು ಚೀಲದ ಹರುಕಿನಲ್ಲಿ ಗೀಚಿದ.
"ಹದಿನಾರು ಆಂಪಿನ ಸಾಕೆಟ್ ಸಾಕು.
ಏಳು ಗಂಟೆಗೆ ಬೇಡ, ಊರೆಲ್ಲ ಗೀಸರು ಹಾಕಿರುತ್ತಾರೆ,
ಬಲ್ಬು ಕೂಡ ತೂಕಡಿಸುವ ಹೊತ್ತು.
ರಾತ್ರಿ ಹತ್ತರಿಂದ ಎರಡು.
ನೀವು ಮಲಗಿರುವಾಗ ಅದಕ್ಕೇನು ಅವಸರ?"

ಆಮೇಲೆ ಫ್ರಿಜ್ಜಿಗೆ ಟೆಸ್ಟರ್ ತಾಗಿಸಿದ.
ಕೆಂಪು ಕಣ್ಣು ತೆರೆಯಿತು.
ಮೀಟರಿನ ಹಿಂದಿನ ಹಸಿರು ವೈರು
ಎರಡಡಿ ಇಳಿದು ಒಂದು ಮೊಳೆಗೆ ಸುತ್ತಿಕೊಂಡಿತ್ತು,
ಅಷ್ಟೇ, ಅಲ್ಲಿಗೆ ಮುಗಿದಿತ್ತು.
"ಈ ಮನೆಗೆ ಅರ್ತಿಂಗೇ ಇಲ್ಲ.
ಪೆಟ್ಟಿಗೆಯ ದುಡ್ಡು ಮಣ್ಣಿಗೆ ಹಾಕಿ, ಅಕ್ಕ."

ತಾಮ್ರದ ವೈರು, ತಾಮ್ರದ ತಟ್ಟೆ,
ಶಾಕ್ ಹೊಡೆದರೆ ರೆಪ್ಪೆ ಬಡಿಯುವುದರೊಳಗೆ ಬೀಳುವ ಸ್ವಿಚ್ಚು,
ಇದ್ದಿಲು, ಉಪ್ಪು, ಗುಂಡಿ ತೋಡುವ ಕೂಲಿ.
ಹದಿನಾಲ್ಕು ಸಾವಿರದ ಆರುನೂರು.
ಬಂದವರಿಗೆ ತೋರಿಸಲು ಒಂದು ದೀಪವೂ ಇಲ್ಲ.

ಮನೆ ಮುದ್ದವ್ವನದು. ಈಚೆ ಅರ್ಧಕ್ಕೆ ನಾನು ಬಾಡಿಗೆ.
ಬಿಡುವ ದಿನ ಕಾರು ಒಯ್ಯಬಹುದು, ಮಂಚ ಒಯ್ಯಬಹುದು,
ಗುಂಡಿಯನ್ನು ಯಾವ ಪಿಕಪ್ಪಿಗೆ ಹೇರಲಿ?
ಬೇಡವೆಂದು ಅಡುಗೆಮನೆಯ ಕಿಟಕಿಯಿಂದ
ಎಕ್ಸ್‌ಟೆನ್ಷನ್ ಎಳೆದೆ. ಮೂರನೆಯ ರಾತ್ರಿ
ಪ್ಲಗ್ಗು ಮೇಣದ ಹಾಗೆ ಬಾಗಿತು.
ಮುದ್ದವ್ವ ಮೂಗಿಗೆ ಸೆರಗು ಹಿಡಿದು ಬಂದರು,
ನೋಡಿದರು, ಏನೂ ಅನ್ನದೆ ಹೋದರು.

ಬೆಳಿಗ್ಗೆ ಅವರೇ ಜಾಗ ತೋರಿಸಿದರು, ಬಚ್ಚಲ ನೀರು ಹರಿಯುವಲ್ಲಿ.
ಮೇಲೆ ಕೆಂಪು, ಆಮೇಲೆ ಹಳದಿ,
ಐದಡಿಗೆ ತಣ್ಣನೆ, ಕೈಗೆ ಅಂಟುವ ಮಣ್ಣು.
ಒಂದು ತೋಟಾದ ಹಿತ್ತಾಳೆ ಚಿಪ್ಪು ಸಿಕ್ಕಿತು.
ಮುದ್ದವ್ವ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು,
ಯಾರು ಹಾರಿಸಿದ್ದೆಂದು ಹೇಳಲಿಲ್ಲ.
ತಟ್ಟೆ, ಇದ್ದಿಲು, ಉಪ್ಪು, ಮತ್ತೆ ಇದ್ದಿಲು.
"ಮಾಂಸ ಉಪ್ಪಿಗೆ ಹಾಕುವುದೂ ಹೀಗೇ," ಅಂದರು.
ಸಂಶು ನಕ್ಕು ಬೇರೆ ಕಡೆ ನೋಡಿದ.

ಸಂಜೆ ಅವರು ತಮ್ಮ ಫ್ರಿಜ್ಜಿನ ಎದುರು ನಿಂತರು, ಬರಿಗಾಲಲ್ಲಿ.
ಮೂವತ್ತು ವರ್ಷ ಬಟ್ಟೆ ಸುತ್ತಿ ಎಳೆದ ಬಾಗಿಲು.
ಒಂದು ಬೆರಳು. ಆಮೇಲೆ ಇಡೀ ಅಂಗೈ.
"ಕಚ್ಚುವುದಿಲ್ಲ!"
ಸ್ವಲ್ಪ ಹೊತ್ತು ಕೈ ತೆಗೆಯಲೇ ಇಲ್ಲ.
"ಅರ್ಧ ದುಡ್ಡು ಬಾಡಿಗೆಯಲ್ಲಿ ಮುರಿದುಕೊ. ಗುಂಡಿ ನನ್ನದು."

ಅರ್ಥ ಅಂದರೆ ದುಡ್ಡು ಅಂತಲೂ ಹೌದು,
ಸಂಶುವಿನ ಬಾಯಲ್ಲಿ ಅದು ಅರ್ತಿಂಗು.
ನಾನು ಎರಡನ್ನೂ ಒಂದೇ ಗುಂಡಿಗೆ ಹಾಕಿದ್ದೇನೆ.

ಈಗ ಮಾರ್ಚ್. ಬೇಸಿಗೆಗೆ ನೀರು ಕುಡಿಸಿ ಅಂದಿದ್ದ.
ಮುದ್ದವ್ವ ಮುಚ್ಚಳ ಸರಿಸಿ
ಅಕ್ಕಿ ತೊಳೆದ ನೀರು ಹೊಯ್ಯುತ್ತಾರೆ.
ಬೇಲಿಯಾಚೆಯಿಂದ ಯಾರೋ, "ಏನು ನೆಟ್ಟಿದ್ದೀರಿ?"
"ಕರೆಂಟು."

ಬೆಳಗಿನ ಜಾವ ಪ್ಲಗ್ಗು ಕೀಳುತ್ತೇನೆ, ಬೆಚ್ಚಗೂ ಆಗಿಲ್ಲ.
ಕಕ್ಕಬ್ಬೆಯಲ್ಲಿ ಒಬ್ಬರು ಅಜ್ಜ
ಖಾಲಿ ಹೊಟ್ಟೆಯಲ್ಲಿ, ತೋಳು ಮಡಚಿ,
ನನ್ನ ಸೂಜಿಗೆ ಕಾಯುತ್ತಿರುತ್ತಾರೆ.