ಟೆಸ್ಟಿಂಗ್

ವಿಜಾಪುರದ ಇಂಡಿ ರೋಡಿನಲ್ಲಿ ಬೇವಿನ ನೆರಳೂ ಕಾದಿತ್ತು.
ತೊಂಬತ್ತೆಂಟರ ಎಸ್ಟೀಮಿನ ಬಾನೆಟ್ಟೊಳಗೆ ತಲೆಯಿಟ್ಟು
ಬಂದೇನವಾಜ ಅಂದ:
"ಗ್ಯಾಸಿಗೆ ಬಣ್ಣಿಲ್ಲ, ವಾಸನಿ ಇಲ್ರಿ ಸರ.
ಧೂಳ ಎಲ್ಲಿ ಅಂಟೇದ ನೋಡ್ರಿ,
ಅಲ್ಲೇ ಸೋರತದ."

ಕಂಪ್ರೆಸರಿನ ಮೂತಿಗೆ ಎಣ್ಣೆಗಪ್ಪು ಉಂಗುರ.
ಸೋಪಿನ ನೊರೆ ಹಚ್ಚಿದ.
ಒಂದೇ ಒಂದು ಗುಳ್ಳೆ
ಊದಿಕೊಂಡು, ಯೋಚಿಸಿ, ಒಡೆಯಿತು.

ಸೀಲು ಬಿಚ್ಚಿ ನನ್ನ ಅಂಗೈ ಮೇಲಿಟ್ಟ.
ಕೂಸಿನ ಬಳೆಯಷ್ಟು ರಬ್ಬರು;
ಮೂರು ಬೇಸಿಗೆ ನಮ್ಮನ್ನು ಬೇಯಿಸಿದ್ದು ಇದೇ.

ಹೊಸದು ಕೂಡಿಸಿ, ಗಾಳಿ ಎಳೆದು, ಗ್ಯಾಸು ತುಂಬಿ
"ಟೆಸ್ಟ್ ಮಾಡ್ತೀನ್ರಿ" ಅಂತ ಒಳಗೆ ಕೂತ.
ಗಾಜು ಏರಿತು.

ಹತ್ತು ನಿಮಿಷ.
ಕಣ್ಣು ಮುಚ್ಚಿದ್ದ, ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದ.
ಹೊರಗೆ ಅವನ ಪಾನಾ ಹಿಡಿದು ನಿಂತೆ,
ಗಾಜು ತಟ್ಟಲಿಲ್ಲ.

ಗಾಡಿ ಕೆಳಗೆ ಹನಿ ಬೀಳತೊಡಗಿತು.
ಅದು ಸೋರಿಕೆ ಅಲ್ಲ.
ಕಂತ್ರಿ ನಾಯಿಯೊಂದಕ್ಕೆ ಆಗಲೇ ಗೊತ್ತಾಗಿ
ಬಂದು ನಾಲಿಗೆ ಚಾಚಿತ್ತು.